ಮೊದಲ ಕೆಲಸ ಬಿಟ್ಟವನ ಕೈ ಬಿಡಬೇಡಿ

"ಕೆಲಸ ಕೊಡಿಸಿದ್ವಿ ಮೇಡಂ, ಮೂರೇ ತಿಂಗಳಿಗೆ ಬಿಟ್ಟು ಬಂದ. ಇಂಥವರಿಗೆ ಎಷ್ಟು ಮಾಡಿದ್ರೂ ಅಷ್ಟೇ."

ಆಸರೆಯಿಲ್ಲದ ಮಕ್ಕಳನ್ನು 18 ತುಂಬುವವರೆಗೆ ನೋಡಿಕೊಳ್ಳುವ ಬಾಲಮಂದಿರಗಳಿಂದ ಹೊರಬಂದ ಮಕ್ಕಳ ಜೊತೆ ಕೆಲಸ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಕೆಟ್ಟವರಲ್ಲ. ಫೀಸು ಕಟ್ಟಿದವರು, ಪರಿಚಯದವರ ಹತ್ತಿರ ಹೋಗಿ ಕೆಲಸ ಕೇಳಿದವರು. ಆದರೆ ಹುಡುಗನಿಗೆ ಆಸರೆ ಜಾಸ್ತಿ ಬೇಕಾದ ಹೊತ್ತಲ್ಲೇ ಬೇಸರಪಟ್ಟು ಹಿಂದೆ ಸರಿಯುತ್ತಾರೆ.

19ನೇ ವಯಸ್ಸಿಗೆ ಸೇರಿದ ಕೆಲಸ ಬಿಟ್ಟವರು ಎಲ್ಲ ಮನೆಗಳಲ್ಲೂ ಇದ್ದಾರೆ, ಅಲ್ವಾ? ನಿಮ್ಮ ಮಗ ಬಿಟ್ಟರೆ ನಾಲ್ಕು ದಿನ ಬೈಯುತ್ತೀರಿ. ಬೈದುಕೊಂಡೇ ಊಟ ಹಾಕುತ್ತೀರಿ. ಆಮೇಲೆ ಇನ್ನೊಂದು ಕಡೆ ವಿಚಾರಿಸುತ್ತೀರಿ. ಈ ಹುಡುಗನಿಗೆ ಆ ನಾಲ್ಕು ದಿನ ಇರಲು ಜಾಗವಿಲ್ಲ. ಕೆಲಸದ ಜೊತೆ ವಸತಿಯೂ ಸೇರಿದ್ದರೆ ಅವತ್ತೇ ರಾತ್ರಿ ಎಲ್ಲಿ ಮಲಗುವುದು ಅನ್ನುವ ಪ್ರಶ್ನೆ ಬರುತ್ತದೆ.

ಒಬ್ಬ ಹುಡುಗ ನೆನಪಾಗುತ್ತಾನೆ. ಕೈಕೆಲಸದಲ್ಲಿ ಚುರುಕು. ಜ್ವರ ಬಂದು ಮೂರು ದಿನ ರೂಮಿನಲ್ಲೇ ಮಲಗಿದ್ದ. ಮಾಲೀಕರಿಗೆ ಫೋನ್ ಮಾಡಲಿಲ್ಲ. ಕೆಲಸ ಹೋಯಿತು. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಬರದಿದ್ರೆ ಯಾರಾದ್ರೂ ನೋಡೋಕೆ ಬರ್ತಾರೆ ಅಂದ್ಕೊಂಡೆ ಮೇಡಂ" ಅಂದ. ಅವನು ಬೆಳೆದ ಜಾಗದಲ್ಲಿ ಹಾಗೇ ಇತ್ತು. ಬೆಳಿಗ್ಗೆ ಲೆಕ್ಕ ತೆಗೆದುಕೊಳ್ಳುವಾಗ ಒಬ್ಬ ಕಡಿಮೆಯಾದರೆ ಯಾರಾದರೂ ಹುಡುಕಿಕೊಂಡು ಬರುತ್ತಿದ್ದರು. ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಬೆಲ್ಲು. ಸೋಪನ್ನೂ ಸ್ಟೋರ್ ರೂಮಿನಿಂದಲೇ ಕೊಡುತ್ತಿದ್ದರು. ಅವನನ್ನು ಮಾಲೀಕರು ಬೇಜವಾಬ್ದಾರಿ ಅಂದರು. ಕೆಲಸ ಕೊಡಿಸಿದವರು ಉಪಕಾರ ಸ್ಮರಣೆ ಇಲ್ಲ ಅಂದರು. ರಜೆ ಕೇಳುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

18 ತುಂಬಿದ ಮಾತ್ರಕ್ಕೆ ಇದೆಲ್ಲ ತಾನಾಗಿ ಬರುವುದಿಲ್ಲ. ಕಾನೂನಿಗೂ ಅದು ಗೊತ್ತು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಸ್ಥೆ ಬಿಟ್ಟವರಿಗೆ 21 ವರ್ಷದವರೆಗೆ ನೆರವು ಮುಂದುವರಿಸುವ ಆಫ್ಟರ್‌ಕೇರ್‌ಗೆ ಅವಕಾಶವಿದೆ. ವಿಶೇಷ ಸಂದರ್ಭಗಳಲ್ಲಿ 23ರವರೆಗೂ ಮುಂದುವರಿಸಬಹುದು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಅರ್ಹತೆ, ಮಂಜೂರಾತಿ ಎಲ್ಲ ಒಬ್ಬೊಬ್ಬರಿಗೆ ಒಂದೊಂದು ರೀತಿ, ಹಾಗಾಗಿ ಹುಡುಗನಿಗೆ ಸುಮ್ನೆ ಭರವಸೆ ಕೊಡಬೇಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವನ ಜೊತೆಗೇ ಹೋಗಿ ಕೇಳಿ. ಹೊರಗೆ ಬಂದ ಮೇಲೆ ಅಲ್ಲ, 17 ದಾಟುವ ಮೊದಲೇ ಹೋಗಿ. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ ಅವನ ಕೈಯಲ್ಲೇ ಇವೆಯಾ ಅಂತಲೂ ಆಗಲೇ ನೋಡಿಬಿಡಿ.

ದುಡ್ಡಿಗಿಂತ ಕಷ್ಟದ್ದು, ಫೋನ್ ಎತ್ತುವ ಒಬ್ಬ ಮನುಷ್ಯ. ಅಧಿಕಾರಿಗಳಿಗೆ ವರ್ಗ ಆಗುತ್ತದೆ, ಸಂಸ್ಥೆಗಳಲ್ಲಿ ಸಿಬ್ಬಂದಿ ಬದಲಾಗುತ್ತಾರೆ. ಕೆಲಸ ಹೋದ ದಿನ, ಬಾಡಿಗೆ ಕಟ್ಟಲಾಗದ ದಿನ ಯಾರಿಗೆ ಫೋನ್ ಮಾಡುತ್ತೀಯ ಅಂತ ನಾನು ಪ್ರತಿ ಮಗುವನ್ನೂ ಕೇಳುತ್ತೇನೆ. ತುಂಬ ಮಕ್ಕಳು ತಲೆ ತಗ್ಗಿಸಿ ಸುಮ್ಮನಾಗುತ್ತಾರೆ. ನೀವು ಆ ಒಬ್ಬರಾಗುವುದಾದರೆ ಸಂಸ್ಥೆಗೆ ತಿಳಿಸಿಯೇ ಆಗಿ. ಇದು ಇಬ್ಬರ ಸುರಕ್ಷತೆಗೂ ಒಳ್ಳೆಯದು. ಅವನು ಕುಡಿತಕ್ಕೆ ಬಿದ್ದಿದ್ದರೆ, ಸಾಯುವ ಮಾತಾಡಿದರೆ ನಿಮ್ಮ ಪ್ರೀತಿಯೊಂದೇ ಸಾಲದು, ತಡಮಾಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಹಾಯ ಮಾಡಲು ಬರುವವರಿಗೆ ಈಗ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಬ್ಬರಿಗೆ ಇಷ್ಟು ಅಂತ ದುಡ್ಡು ತೆಗೆದಿಡುವಾಗ ಎರಡನೇ ಕೆಲಸ ಹುಡುಕುವ ತಿಂಗಳುಗಳ ಬಾಡಿಗೆ, ಊಟದ ಖರ್ಚನ್ನೂ ಅದರಲ್ಲೇ ಸೇರಿಸಿ. ಅದು ಹುಡುಗನಿಗೂ ಗೊತ್ತಿರಲಿ. ಗೊತ್ತಿದ್ದರೆ ಕೆಲಸ ಬಿಟ್ಟ ದಿನ ಅವನು ನಂಬರ್ ಬದಲಾಯಿಸಿ ಮರೆಯಾಗುವುದಿಲ್ಲ, ನಿಮಗೇ ಫೋನ್ ಮಾಡುತ್ತಾನೆ.