ಗೆರಟೆ ಕುಳಿ ಮತ್ತು ಆಚಾರಿಯ ತೂಗುಗುಂಡು

ವರ್ಷದಲ್ಲಿ ನಮ್ಮ ಅಂಗಳ ಖಾಲಿ ಇರುವುದು ಎರಡೇ ವಾರ. ಮಳೆ ಬಿಟ್ಟಿರುತ್ತದೆ. ಅಂಗಳ ಕೆತ್ತಿ, ಹೊಡೆದು, ಸೆಗಣಿ ಸಾರಿಸಿ ಆಗಿರುತ್ತದೆ. ಅಡಿಕೆ ಮಾತ್ರ ಇನ್ನೂ ಮರದ ಮೇಲೆಯೇ. ಬದಿಯಡ್ಕದ ಕಡೆಯ ಯಾವ ತೋಟದ ಮನೆಗೆ ಹೋದರೂ ಇದೇ ಕಥೆ. ಕಳೆದ ವರ್ಷ ಆ ಎರಡು ವಾರದಲ್ಲಿ ಬೆಂಗಳೂರಿನ ಭಾವ ಬಂದಿದ್ದರು. ಹೋಗುವಾಗ ತಮ್ಮ ಹಳೆಯ ಪಟರ್ ಒಂದನ್ನೂ ನಾಲ್ಕು ಗಾಲ್ಫ್ ಚೆಂಡುಗಳನ್ನೂ ಚಾವಡಿಯ ಮೂಲೆಯಲ್ಲಿ ಬಿಟ್ಟು ಹೋದರು. ಪಟರ್ ಎಂದರೆ ಗಾಲ್ಫಿನ ಕೊನೆಯ ಹೊಡೆತದ ಕೋಲು. ಚೆಂಡನ್ನು ಹಾರಿಸುವುದಕ್ಕಲ್ಲ, ಉರುಳಿಸಿ ಕುಳಿಗೆ ಹಾಕುವುದಕ್ಕೆ. ಚಿಕ್ಕಂದಿನಲ್ಲಿ ಗೋಲಿ ಆಡಿ ಊರಿಗೇ ಹೆಸರಾದವನು ನಾನು. ಇದೇನು ಮಹಾ ಅನ್ನಿಸಿತು.

ಗಾಲ್ಫ್ ಕುಳಿಯ ಅಗಲ 108 ಮಿಲಿಮೀಟರ್, ಅಂದರೆ ನಾಲ್ಕೂಕಾಲು ಇಂಚು. ದೊಡ್ಡ ತೆಂಗಿನಕಾಯಿಯನ್ನು ಸರಿಯಾಗಿ ನಡುವೆ ಒಡೆದರೆ ಗೆರಟೆಯ ಬಾಯಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಂಗಳದ ಅಂಚಿನಲ್ಲಿ ಒಂದು ಗೆರಟೆ ಹೂತೆ. ಮೂರು ಮೀಟರ್ ದೂರ ನಿಂತೆ. ಹತ್ತು ಸಲ ಹೊಡೆದೆ. ಎರಡು ಬಿತ್ತು. ಉಳಿದ ಎಂಟೂ ಗೆರಟೆಯ ಬಲಬದಿಯಲ್ಲೇ ಸಾಗಿ ದಾಸವಾಳದ ಬುಡ ಸೇರಿದವು. ಮನೆಯವಳು ಒಳಗಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಅದೇ ಜಾಸ್ತಿ ಬೇಸರ.

ಎಂಟೂ ಒಂದೇ ಬದಿಗೆ ಹೋದದ್ದು ನನ್ನನ್ನು ಕಾಡಿತು. ಕೈ ನಡುಗಿ ತಪ್ಪುವುದಾದರೆ ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ ಹೋಗಬೇಕಿತ್ತು, ಅಲ್ವಾ? ಎಲ್ಲವೂ ಒಂದೇ ಕಡೆ ಹೋಗುತ್ತಿದ್ದರೆ ಕೈ ಹೇಳಿದ್ದನ್ನು ಸರಿಯಾಗಿಯೇ ಮಾಡುತ್ತಿದೆ, ಹೇಳುವವನೇ ತಪ್ಪು ಹೇಳುತ್ತಿದ್ದಾನೆ ಎಂದಾಯಿತು. ಹೇಳುವವನೆಂದರೆ ಕಣ್ಣು.

ಮೊದಲು ಎಷ್ಟು ತಪ್ಪಿದರೆ ನಡೆಯುತ್ತದೆ ಎಂದು ನೋಡೋಣ. ಕುಳಿಯ ನಡುವಿನಿಂದ ಅಂಚಿಗೆ 54 ಮಿಲಿಮೀಟರ್. ಮೂರು ಮೀಟರ್ ದೂರಕ್ಕೆ ಅದು ಸುಮಾರು ಒಂದು ಡಿಗ್ರಿ. ಗಡಿಯಾರದ ನಿಮಿಷದ ಮುಳ್ಳು ಹತ್ತು ಸೆಕೆಂಡಿನಲ್ಲಿ ತಿರುಗುವಷ್ಟು. ಅಷ್ಟು ಓರೆಯಾದರೆ ಚೆಂಡು ಅಂಚಿಗೆ ಬಂತು. ಜೋರಾಗಿ ಹೊಡೆದರೆ ಅಷ್ಟೂ ಸಿಗುವುದಿಲ್ಲ. ಚೆಂಡು ಕುಳಿಯ ಮೇಲೆ ಹಾಯುವಾಗ ತನ್ನ ಅರ್ಧದಷ್ಟಾದರೂ ಕೆಳಗಿಳಿಯಬೇಕು. ಆ 21 ಮಿಲಿಮೀಟರ್ ಬೀಳುವುದಕ್ಕೆ ಸುಮಾರು 0.066 ಸೆಕೆಂಡು ಬೇಕು. ಅಂಚಿನ ಮೇಲೆ ಹೋಗುವ ಚೆಂಡಿಗೆ ದಾಟಲು ಇರುವ ಬಾಯಿಯೇ ಸಣ್ಣದು, ಅಷ್ಟು ಹೊತ್ತು ಅದಕ್ಕೆ ಎಲ್ಲಿ ಸಿಗಬೇಕು? ಹಾಗಾಗಿ ವೇಗ ಏರಿದಷ್ಟೂ ಕುಳಿ ಚಿಕ್ಕದಾಗುತ್ತದೆ.

ಚೆಂಡು ಎತ್ತ ಹೊರಡುತ್ತದೆ ಎನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಪಟರಿನ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಎತ್ತ ನೋಡುತ್ತಿದೆ ಎನ್ನುವುದು. 2008ರಲ್ಲಿ ನುರಿತ ಆಟಗಾರರ ಮೇಲೆ ನಡೆದ ಒಂದು ಅಧ್ಯಯನದಲ್ಲಿ ದಿಕ್ಕಿನ ವ್ಯತ್ಯಾಸಕ್ಕೆ ಪಟರಿನ ಮುಖದ ಕೋನವೇ 80 ಶೇಕಡ ಕಾರಣ ಎಂದು ಕಂಡಿತು. ಕೋಲು ಬೀಸುವ ದಾರಿಗೆ 17, ಚೆಂಡು ಪಟರಿನ ಯಾವ ಜಾಗಕ್ಕೆ ತಾಗಿತು ಎನ್ನುವುದಕ್ಕೆ ಬರೇ 3. ಮುಖವನ್ನು ಸರಿಯಾಗಿ ಇಡುವ ಕೆಲಸ ಶುರುವಾಗುವುದು ಹೊಡೆಯುವ ಮೊದಲೇ. ಅದು ಕಣ್ಣಿನ ಕೆಲಸ.

ಭಾವನಿಗೆ ಫೋನ್ ಮಾಡಿದೆ. "ಕಣ್ಣು ಸರಿಯಾಗಿ ಚೆಂಡಿನ ಮೇಲೆ ಬರಬೇಕು ಭಾವ. ಮೂಗಿನ ಬುಡದಿಂದ ಒಂದು ಚೆಂಡು ಬಿಟ್ಟು ನೋಡಿ, ಎಲ್ಲಿ ಬೀಳುತ್ತದೆ ಅಂತ" ಎಂದರು. ಗಾಲ್ಫ್ ಕಲಿಸುವವರು ಎಲ್ಲರಿಗೂ ಹೇಳುವ ಮಾತಂತೆ. ಬಿಟ್ಟು ನೋಡಿದೆ. ನೆಲದ ಚೆಂಡಿಗಿಂತ ನಾಲ್ಕು ಬೆರಳು ನನ್ನ ಕಾಲಿನ ಕಡೆಗೆ ಬಿತ್ತು. ಕಾರಣ ಸುಲಭ. ಭಾವ ಆರಡಿ ಎತ್ತರ. ಅವರ ಪಟರ್ 35 ಇಂಚು. ನಾನು ಗಿಡ್ಡ. ಉದ್ದದ ಕೋಲು ಹಿಡಿದರೆ ಚೆಂಡು ನನ್ನಿಂದ ದೂರ ಹೋಗುತ್ತದೆ, ಬಗ್ಗುವುದೂ ಕಡಿಮೆಯಾಗುತ್ತದೆ. ಎರಡಿಂಚು ಕೆಳಗೆ ಹಿಡಿದು ಸ್ವಲ್ಪ ಬಗ್ಗಿದೆ. ಈಗ ಚೆಂಡಿನ ಮೇಲೆ ಚೆಂಡು ಬಿತ್ತು.

ಆದರೆ ಮಾಷ್ಟ್ರಾಗಿದ್ದವನಿಗೆ ಸುಮ್ನೆ ಒಪ್ಪುವ ಅಭ್ಯಾಸ ಇಲ್ಲ. ಕಣ್ಣು ಮೇಲೆಯೇ ಯಾಕೆ ಬರಬೇಕು? ಸರಳ ರೇಖೆ ಎಲ್ಲಿಂದ ನೋಡಿದರೂ ಸರಳ ರೇಖೆಯೇ ತಾನೆ? ಚೆಂಡಿನ ನೆತ್ತಿಯ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ನನ್ನ ಕಣ್ಣು ನೆಲದಿಂದ 1.3 ಮೀಟರ್ ಮೇಲಿದೆ, ಚೆಂಡಿಗಿಂತ 10 ಸೆಂಟಿಮೀಟರ್ ಒಳಗಿದೆ, ಅಂದರೆ ನನ್ನ ಕಾಲಿನ ಕಡೆಗಿದೆ ಎನ್ನಿ. ಆಗ ನೆಲದ ಮೇಲೆ ಆ ಗೆರೆ ಮೂರು–ನಾಲ್ಕು ಮಿಲಿಮೀಟರ್ ಆಚೆ ಸರಿದಂತೆ ಕಾಣುತ್ತದೆ, ಅಷ್ಟೆ. ಸರಿಯುವುದೂ ಸಮಾನಾಂತರವಾಗಿಯೇ, ಓರೆಯಾಗುವುದಿಲ್ಲ. 108 ಮಿಲಿಮೀಟರ್ ಕುಳಿಗೆ ಅದೊಂದು ಲೆಕ್ಕವೇ ಅಲ್ಲ. ನಾನು ತಪ್ಪುತ್ತಿದ್ದುದು ಇದರಿಂದ ಅಲ್ಲ.

ಪಕ್ಕದ ಮನೆಯ ಆಚಾರಿ ಆ ಹೊತ್ತಿಗೆ ನಮ್ಮ ಹಟ್ಟಿಯ ಬಾಗಿಲು ಸರಿ ಮಾಡಲು ಬಂದಿದ್ದರು. ಅವರು ಹಲಗೆಯ ಅಂಚು ನೇರ ಇದೆಯಾ ಎಂದು ನೋಡುವ ರೀತಿ ನೀವೂ ನೋಡಿರುತ್ತೀರಿ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಂಚಿನ ತುದಿಗೆ ತಂದು ಹಿಡಿಯುತ್ತಾರೆ. ನೂಲು ಹೊಡೆಯುವಾಗಲೂ ಅಷ್ಟೇ, ತಲೆ ನೂಲಿನ ಮೇಲೆ. ನನ್ನ ಕಸರತ್ತು ನೋಡಿ ಅವರು ಕೆಲಸ ಬಿಟ್ಟು ಬಂದರು. ನಾನು ಆಗ ಗಡ್ಡ ಹೆರೆಯುವ ಕನ್ನಡಿಯನ್ನು ಚೆಂಡಿನ ಅಡಿಗೆ ಇಟ್ಟುಕೊಂಡಿದ್ದೆ. ಕನ್ನಡಿಯಲ್ಲಿ ಕಣ್ಣು ಎಲ್ಲಿ ಕಾಣುತ್ತದೋ ಅದೇ ಕಣ್ಣಿನ ನೇರ ಕೆಳಗಿನ ಜಾಗ. ಕನ್ನಡಿಗೆ ಲಂಬವಾಗಿ ಹೋದ ಬೆಳಕು ಮಾತ್ರ ಹೋದ ದಾರಿಯಲ್ಲೇ ಹಿಂದೆ ಬರುತ್ತದೆ ನೋಡಿ.

ಆಚಾರಿ ಕನ್ನಡಿಯನ್ನು ನಂಬಲಿಲ್ಲ. ತೂಗುಗುಂಡು ತಂದು ನನ್ನ ಮೂಗಿನ ಬುಡದಿಂದ ಇಳಿಬಿಟ್ಟರು. ಗುಂಡು ಚೆಂಡಿನ ಮೇಲೆ ಸರಿಯಾಗಿ ನಿಂತಿತು. ಕನ್ನಡಿಯಲ್ಲಿ ಮಾತ್ರ ಕಣ್ಣು ಎರಡೂವರೆ ಸೆಂಟಿಮೀಟರಿನಷ್ಟು ಕಾಲಿನ ಕಡೆಗೆ ಕಾಣುತ್ತಿತ್ತು. "ನಿಮ್ಮ ಕನ್ನಡಿ ಸುಳ್ಳು ಹೇಳುತ್ತದೆ ಮಾಷ್ಟ್ರೇ" ಎಂದರು. ನಾನು ಮನೆಗೆ ಬೆನ್ನು ಹಾಕಿ ನಿಂತಿದ್ದೆ. ತಿರುಗಿ ಮನೆಗೆ ಮುಖ ಮಾಡಿ ನಿಂತೆ. ಈಗ ಕನ್ನಡಿಯ ಕಣ್ಣು ಅಷ್ಟೇ ದೂರ ಆಚೆ ಕಡೆಗೆ ಹೋಯಿತು. ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಮಳೆನೀರು ಹರಿದುಹೋಗಲಿ ಎಂದು ಅಂಗಳಕ್ಕೆ ಮನೆಯಿಂದ ತೋಡಿನ ಕಡೆಗೆ ಇಳಿಜಾರು ಕೊಟ್ಟಿದ್ದೇವೆ, ನೂರಕ್ಕೆ ಎರಡರಷ್ಟು. ತೂಗುಗುಂಡು ಭೂಮಿಯ ಸೆಳೆತವನ್ನು ತೋರಿಸುತ್ತದೆ. ಕನ್ನಡಿ ನೆಲದ ಓರೆಯನ್ನು ತೋರಿಸುತ್ತದೆ. 1.3 ಮೀಟರ್ ಎತ್ತರಕ್ಕೆ ನೂರಕ್ಕೆ ಎರಡು ಎಂದರೆ 2.6 ಸೆಂಟಿಮೀಟರ್. ಎರಡೂ ಸತ್ಯವನ್ನೇ ಹೇಳುತ್ತಿದ್ದವು. ಗಾಲ್ಫ್ ಗ್ರೀನುಗಳೂ, ಅಂದರೆ ಕುಳಿಯ ಸುತ್ತ ಹುಲ್ಲನ್ನು ಗಿಡ್ಡ ಕತ್ತರಿಸಿದ ಜಾಗಗಳೂ, ಹೀಗೇ ಓರೆಯಾಗಿರುತ್ತವೆ. ಮನೆಯ ಸಮತಟ್ಟು ನೆಲದಲ್ಲಿ ಕನ್ನಡಿ ಇಟ್ಟು ಕಲಿತ ಭಂಗಿ ಅಲ್ಲಿ ಸ್ವಲ್ಪ ಬೇರೆಯಾಗಿ ಕಂಡರೆ ಆಶ್ಚರ್ಯವಿಲ್ಲ.

ಹಾಗಾದರೆ ಕಣ್ಣಿನ ಜಾಗದಿಂದ ನಿಜವಾಗಿ ಏನು ಬದಲಾಗುತ್ತದೆ? ನನಗೆ ಸಿಕ್ಕ ಉತ್ತರಗಳಲ್ಲಿ ಒಂದು ಕೇರಂ ಬೋರ್ಡಿನಲ್ಲಿದೆ. ಬೋರ್ಡನ್ನು ನಡುವಿನಿಂದ ನೋಡಿದರೆ ಮೂಲೆಗಳು ಚೌಕವಾಗಿಯೇ ಕಾಣುತ್ತವೆ. ಒಂದು ಮೂಲೆಯ ಕಡೆಯಿಂದ ಓರೆಯಾಗಿ ನೋಡಿದರೆ ಚೌಕ ಜಗ್ಗಿ ಶಂಕರಪೋಳಿಯ ಆಕಾರಕ್ಕೆ ಬರುತ್ತದೆ. ಪಟರಿನ ಮುಖ ಮತ್ತು ಚೆಂಡಿನ ದಾರಿ ಲಂಬವಾಗಿರಬೇಕು. ಕಣ್ಣು ಬರೇ ಒಳಗಿದ್ದರೆ, ಅಥವಾ ಬರೇ ಹಿಂದಿದ್ದರೆ, ಆ ಲಂಬ ಲಂಬವಾಗಿಯೇ ಕಾಣುತ್ತದೆ. ಒಳಗೂ ಹಿಂದಕ್ಕೂ ಸರಿದು ಮೂಲೆಗೆ ಬಂದರೆ ಜಗ್ಗುತ್ತದೆ. ಮೂಲೆಯ ದಿಕ್ಕಿನಲ್ಲಿ 23 ಸೆಂಟಿಮೀಟರ್ ಸರಿದರೆ ಸುಮಾರು 0.9 ಡಿಗ್ರಿ. ನಮ್ಮ ಹತ್ತಿರ ಇದ್ದದ್ದೇ ಒಂದು ಡಿಗ್ರಿ! ಮಿದುಳು ಇದನ್ನು ಸುಮಾರಾಗಿ ಸರಿಪಡಿಸಿಕೊಳ್ಳುತ್ತದೆ ನಿಜ. ಆದರೆ ಅಷ್ಟು ಸಣ್ಣ ಕೋನಕ್ಕೆ ಅದರ ಮೇಲೆ ಭಾರ ಹಾಕಲು ನನಗೆ ಧೈರ್ಯ ಇಲ್ಲ.

ಇನ್ನೊಂದು ಉತ್ತರ ಕತ್ತಿನಲ್ಲಿದೆ. ಇದೇ ದೊಡ್ಡದು ಎಂದು ನನ್ನ ಅಭಿಪ್ರಾಯ. ಚೆಂಡು ನೋಡುತ್ತೇವೆ, ತಲೆ ತಿರುಗಿಸಿ ಕುಳಿ ನೋಡುತ್ತೇವೆ, ಮತ್ತೆ ಚೆಂಡು. ತಲೆ ತಿರುಗುವುದು ಕತ್ತಿನ ಅಚ್ಚಿನ ಮೇಲೆ. ಕೊಡೆಯ ಒಂದು ಕಡ್ಡಿಯನ್ನು ನೆನೆಸಿಕೊಳ್ಳಿ. ಕಡ್ಡಿ ಹಿಡಿಗೆ ಲಂಬವಾಗಿದ್ದರೆ, ಹಿಡಿ ತಿರುಗಿಸಿದಾಗ ಅದು ತಟ್ಟೆಯಂತೆ ಸಮತಲದಲ್ಲಿ ಸುತ್ತುತ್ತದೆ. ಅರ್ಧ ಬಿಡಿಸಿದ ಕೊಡೆಯ ಕಡ್ಡಿಯಾದರೆ ಶಂಕುವಿನ ಆಕಾರದಲ್ಲಿ ಸುತ್ತುತ್ತದೆ. ಹಿಡಿ ಎಂದರೆ ಕತ್ತು, ಕಡ್ಡಿ ಎಂದರೆ ನೋಟ. ಮುಖ ಬಗ್ಗಿಸಿ, ಕಣ್ಣಿನ ನಡುವಿನಿಂದಲೇ ಚೆಂಡನ್ನು ನೋಡಿದರೆ ನೋಟ ಕತ್ತಿಗೆ ಲಂಬ. ತಲೆ ತಿರುಗಿದಾಗ ನೋಟ ನೇರ ಗೆರೆಯಲ್ಲೇ ಕುಳಿಗೆ ಹೋಗುತ್ತದೆ. ನಾನೋ, ತಲೆ ನೆಟ್ಟಗೆ ಇಟ್ಟು ಕಣ್ಣಿನ ಗುಡ್ಡೆ ಮಾತ್ರ ಕೆಳಗಿಳಿಸಿ, ಕೆನ್ನೆಯ ಮೇಲಿನಿಂದ ನೋಡುತ್ತಿದ್ದೆ. ಅರ್ಧ ಕೊಡೆ. ತಲೆ ತಿರುಗಿದಂತೆ ನೋಟ ನೆಲದ ಮೇಲೆ ಬಾಗಿದ ದಾರಿ ಹಿಡಿಯುತ್ತಿತ್ತು. ಆ ಬಾಗಿದ ದಾರಿಯನ್ನೇ ನಾನು ನೇರ ಎಂದುಕೊಂಡಿದ್ದೆ.

ಇದರಿಂದ ಇನ್ನೊಂದು ವಿಷಯವೂ ಅರ್ಥವಾಯಿತು. ಒಳ್ಳೆಯ ಆಟಗಾರರಲ್ಲೂ ಅನೇಕರ ಕಣ್ಣು ಚೆಂಡಿನ ಮೇಲಲ್ಲ, ಒಂದೆರಡು ಇಂಚು ಒಳಗಿರುತ್ತದೆ. ಆದರೂ ಚೆಂಡು ಕುಳಿಗೆ ಬೀಳುತ್ತದೆ. ಕಣ್ಣು ಸ್ವಲ್ಪ ಒಳಗಿದ್ದರೂ ನೋಟ ಕತ್ತಿಗೆ ಲಂಬವಾಗಿದ್ದರೆ ಅದು ಅದೇ ಗೆರೆಯ ಮೇಲೆ ಸಾಗುತ್ತದೆ. ಚೆಂಡಿನ ಹೊರಗೆ ಕಣ್ಣು ಹೋಗುವುದು ಮಾತ್ರ ಹೆಚ್ಚಿನವರಿಗೆ ಒಗ್ಗುವಂತೆ ಕಾಣುವುದಿಲ್ಲ, ಕೈ ಆಡಲು ಜಾಗವೇ ಇರುವುದಿಲ್ಲ.

ನನ್ನ ಬಲಬದಿಯ ರೋಗ ಅರ್ಧ ಗುಣವಾಯಿತು. ಉಳಿದ ಅರ್ಧ ಕನ್ನಡಕದ್ದು. ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ ಇರುವ ಪ್ರೋಗ್ರೆಸಿವ್ ಗಾಜು ನನ್ನದು. ಮಾಡಿಸುವಾಗ "ನೀವು ನೆಲದ ಮೇಲಿನ ಚೆಂಡು ನೋಡುವುದುಂಟಾ" ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೆಳಗಿನ ಭಾಗ ಇರುವುದು ಒಂದೂವರೆ ಅಡಿ ದೂರದ ಪುಸ್ತಕಕ್ಕೆ. ಚೆಂಡು ನಾಲ್ಕಡಿ ಕೆಳಗೆ. ಮಸುಕಾಗುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆ ಇದೆ. ಗಾಜಿನ ನಡುವಿನಿಂದ ಬದಿಗೆ ಸರಿದು ನೋಡಿದರೆ ವಸ್ತುವೇ ಜಾಗ ಬದಲಿಸಿದಂತೆ ಕಾಣುತ್ತದೆ. ಕನ್ನಡಕದವರು ಇದಕ್ಕೆ ಪ್ರೆಂಟಿಸ್ ನಿಯಮ ಎನ್ನುತ್ತಾರೆ. ಎರಡು ಪವರಿನ ಗಾಜಿನಲ್ಲಿ ನಡುವಿನಿಂದ 1 ಸೆಂಟಿಮೀಟರ್ ಬದಿಗೆ ನೋಡಿದರೆ, 1 ಮೀಟರ್ ದೂರದ ವಸ್ತು 2 ಸೆಂಟಿಮೀಟರ್ ಸರಿದಂತೆ ಕಾಣುತ್ತದೆ. ಚೆಂಡನ್ನು ಗಾಜಿನ ಒಂದು ಜಾಗದಿಂದ, ಕುಳಿಯನ್ನು ಇನ್ನೊಂದು ಜಾಗದಿಂದ ನೋಡಿದರೆ ನಡುವಿನ ಗೆರೆ ಮುರಿಯದೆ ಇರುತ್ತದೆಯೇ? ಈಗ ಅಂಗಳಕ್ಕೆ ಇಳಿಯುವಾಗ ದೂರಕ್ಕೆ ಮಾತ್ರ ಇರುವ ಹಳೆಯ ಕನ್ನಡಕ ಹಾಕುತ್ತೇನೆ.

ಆಚಾರಿಯ ಒಂದು ಕಣ್ಣಿನ ವಿಷಯಕ್ಕೆ ಬರೋಣ. ಎರಡು ಕೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ. ಅದರೊಳಗಿನಿಂದ ದೂರದ ತೆಂಗಿನ ಗೊನೆಯೊಂದನ್ನು ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಗೊನೆ ಕಿಂಡಿಯೊಳಗೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಹೆಚ್ಚಿನವರಿಗೆ ಬಲದ್ದು. ಗಾಲ್ಫಿನ 18 ಪ್ರಮುಖ ಪಂದ್ಯಾವಳಿ ಗೆದ್ದ ಜಾಕ್ ನಿಕ್ಲಾಸ್ ಅವರಿಗೆ ಎಡದ್ದು. ಪಟ್ಟಿಂಗ್‌ನಲ್ಲಿ ಎರಡು ಕಣ್ಣೂ ಚೆಂಡಿನ ದಾರಿಯ ಉದ್ದಕ್ಕೆ ಒಂದರ ಹಿಂದೆ ಒಂದು ಬರುತ್ತವೆ. ಅವು ಆ ದಾರಿಗೆ ಸಮಾನಾಂತರವಾಗಿದ್ದರೆ ಯಾವುದು ಯಜಮಾನ ಎನ್ನುವುದು ದೊಡ್ಡ ವಿಷಯವಲ್ಲ. ತಲೆ ವಾಲಿದರೆ ಒಂದು ಕಣ್ಣು ಗೆರೆಯ ಒಳಗೆ, ಇನ್ನೊಂದು ಹೊರಗೆ. ಆಗ ಮಿದುಳು ಯಜಮಾನನ ಮಾತು ಕೇಳುತ್ತದೆ. ತೂಗುಗುಂಡನ್ನು ಮೂಗಿನಿಂದ ಬಿಡುವ ಬದಲು ಎರಡು ಕಣ್ಣಿನಿಂದಲೂ ಬೇರೆ ಬೇರೆ ಬಿಟ್ಟು ನೋಡಿದರೆ ವಾಲಿದ್ದು ತಕ್ಷಣ ಸಿಕ್ಕಿಬೀಳುತ್ತದೆ. ಈ ಉಪಾಯ ಆಚಾರಿಯದ್ದೇ.

ಕಣ್ಣು ಎಲ್ಲಿರಬೇಕು ಎಂದಾಯಿತು. ಎಷ್ಟು ಹೊತ್ತು ಅಲುಗದೆ ಇರಬೇಕು ಎನ್ನುವುದನ್ನು ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಜೋನ್ ವಿಕರ್ಸ್ ಅಳೆದರು. 1992ರಲ್ಲಿ ಅವರು ಆಟಗಾರರ ನೋಟ ಹಿಡಿಯುವ ಉಪಕರಣ ಕಟ್ಟಿ ಪಟ್ಟಿಂಗ್ ಮಾಡಿಸಿದರು. ಚೆನ್ನಾಗಿ ಆಡುವವರ ನೋಟ ಅಲ್ಲಿ ಇಲ್ಲಿ ಹಾರುವುದು ಕಡಿಮೆ. ಹೊಡೆಯುವ ಮೊದಲು ಚೆಂಡಿನ ಮೇಲೆ ಎರಡು ಸೆಕೆಂಡಿನಷ್ಟು ನೆಟ್ಟು ನಿಲ್ಲುತ್ತದೆ. ಚೆಂಡು ಹೊರಟ ಮೇಲೂ ಖಾಲಿ ಜಾಗದ ಮೇಲೆ ಒಂದು ಗಳಿಗೆ ಇರುತ್ತದೆ. ಇದಕ್ಕೆ ಮುಂದೆ 'ಕ್ವಯೆಟ್ ಐ' ಎಂಬ ಹೆಸರು ಬಂತು. ನಾನಂತೂ ಚೆಂಡು ಗೆರಟೆಗೆ ಬಿದ್ದ ಸದ್ದು ಕೇಳುವವರೆಗೆ ತಲೆ ಎತ್ತುವುದಿಲ್ಲ ಎಂದು ಹಟ ಹಿಡಿದಿದ್ದೇನೆ. ಮೂರರಲ್ಲಿ ಎರಡು ಸಲ ಈಗ ಸದ್ದು ಕೇಳುತ್ತದೆ.

ಮೊನ್ನೆ ಆಚಾರಿಗೆ ಪಟರ್ ಕೊಟ್ಟೆ. ಅವರು ಕುಳಿಗೆ ಎದುರಾಗಿ, ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತರು. ಎರಡು ಕಾಲಿನ ನಡುವಿನಿಂದ ಚೆಂಡನ್ನು ಮುಂದಕ್ಕೆ ತಳ್ಳಿದರು. ಟಕ್ಕನೆ ಒಳಗೆ. ಇನ್ನೊಂದು, ಅದೂ ಒಳಗೆ. ಅಮೆರಿಕದ ಸ್ಯಾಮ್ ಸ್ನೀಡ್ ಎಂಬ ದೊಡ್ಡ ಆಟಗಾರರೂ ವಯಸ್ಸಾದ ಮೇಲೆ ಹೀಗೇ ಆಡತೊಡಗಿದ್ದರು, ಗೆರೆಯ ಎರಡು ಬದಿಗೆ ಕಾಲಿಟ್ಟು ನಿಲ್ಲುವುದನ್ನು 1968ರಲ್ಲಿ ನಿಯಮದಲ್ಲೇ ನಿಷೇಧಿಸಿದರು ಎಂದು ಹೇಳಿದೆ.

ಆಚಾರಿ ಸ್ವಲ್ಪ ಹೊತ್ತು ಚೆಂಡನ್ನೇ ನೋಡಿದರು. "ಹಲಗೆಯನ್ನು ಅಡ್ಡ ನಿಂತು ನೋಡಿ ಎಂದ ಹಾಗಾಯಿತಲ್ಲ ಮಾಷ್ಟ್ರೇ" ಎಂದರು. ಆಮೇಲೆ ಎರಡೂ ಕಾಲನ್ನು ಗೆರೆಯ ಒಂದೇ ಬದಿಗೆ ತಂದು, ಮುಖ ಮಾತ್ರ ಕುಳಿಯ ಕಡೆಗೇ ಇಟ್ಟು, "ಹೀಗೆ ನಿಂತರೆ?" ಎಂದು ಕೇಳಿದರು. ಅದಕ್ಕೆ ಅಡ್ಡಿಯಿಲ್ಲ. ನಿಷೇಧ ಬಂದ ಮೇಲೆ ಸ್ನೀಡ್ ಮಾಡಿದ್ದೂ ಅದನ್ನೇ.