ಒಣಗಿದ ಹಳ್ಳವೂ ಕಾನೂನಿನ ಪ್ರಕಾರ ಹಳ್ಳವೇ

ಏಪ್ರಿಲ್ ತಿಂಗಳ ಬಿಸಿಲು. ಚಿತ್ರದುರ್ಗ ತಾಲ್ಲೂಕಿನಲ್ಲಿ ಹೆದ್ದಾರಿಗೆ ಹೊಂದಿಕೊಂಡ ಆರು ಎಕರೆ ಜಮೀನಿನಲ್ಲಿ ನಿಂತಿದ್ದೆವು. ಬಡಾವಣೆ ಮಾಡಲು ಹೊರಟಿದ್ದ ಮಾಲೀಕರು ನಕ್ಷೆಯನ್ನು ಕಾರಿನ ಬಾನೆಟ್ ಮೇಲೆ ಹರಡಿದ್ದರು. ನಕ್ಷೆಯಲ್ಲಿ ಮೂವತ್ತು ಅಡಿ ರಸ್ತೆ ಎಳೆದಿದ್ದ ಕಡೆ ನೆಲದಲ್ಲಿ ಒಂದು ತಗ್ಗು ಇತ್ತು. ತಳದಲ್ಲಿ ಮರಳು, ನಡುವೆ ಉರುಟು ಕಲ್ಲು, ಎರಡೂ ದಂಡೆಗಳಲ್ಲಿ ಲಕ್ಕಿ ಗಿಡ. ‘ಇದು ಹಳ್ಳವಲ್ಲವೇ?’ ಎಂದೆ. ‘ಹಳ್ಳ ಅಂತಲೇ ಕರೆಯುತ್ತಾರೆ ಸರ್, ಆದರೆ ನೀರು ಹರಿದದ್ದನ್ನು ನಾನಂತೂ ನೋಡಿಲ್ಲ’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಜಮೀನು ಕೊಂಡು ನಾಲ್ಕು ವರ್ಷವಾಗಿತ್ತಷ್ಟೇ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ನಮ್ಮ ಮಾತು ಕೇಳಿಸಿಕೊಂಡು ಹತ್ತಿರ ಬಂದರು. ಕೋಲೆತ್ತಿ ಹೊಂಗೆ ಮರದ ಕೊಂಬೆಯೊಂದನ್ನು ತೋರಿಸಿದರು. ನನ್ನ ಎದೆಮಟ್ಟದಲ್ಲಿದ್ದ ಆ ಕೊಂಬೆಗೆ ಒಣಹುಲ್ಲು, ಕಸಕಡ್ಡಿ, ಹರಿದ ಗೊಬ್ಬರದ ಚೀಲದ ಎಳೆಗಳು ಸುತ್ತಿಕೊಂಡಿದ್ದವು. ‘ಗಾಳಿ ತಂದದ್ದಲ್ಲ ಸ್ವಾಮಿ, ನೀರು ತಂದದ್ದು’ ಎಂದರು.

ಪರಿಸರ ಎಂಜಿನಿಯರ್ ಆಗಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಕೆಲಸ ಮಾಡುವ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ನೀರೇ ಇಲ್ಲದ ಕಡೆ ನೀರಿನ ಕಾನೂನು ಏಕೆ? ಉತ್ತರ ಕಾನೂನಿನಲ್ಲೇ ಇದೆ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ‘ಹೊಳೆ’ ಎಂಬ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ನದಿ ಅದರಲ್ಲಿ ಸೇರುತ್ತದೆ. ನೀರಿನ ಹಾದಿ ಸೇರುತ್ತದೆ, ಅದು ಹರಿಯುತ್ತಿರಲಿ ಅಥವಾ ಸದ್ಯಕ್ಕೆ ಒಣಗಿರಲಿ. ನೈಸರ್ಗಿಕವಾಗಿರಲಿ, ಮನುಷ್ಯ ಕಟ್ಟಿದ್ದಾಗಿರಲಿ, ಒಳನಾಡಿನ ಜಲಮೂಲಗಳೆಲ್ಲ ಸೇರುತ್ತವೆ. ನೆಲದೊಳಗಿನ ನೀರು ಕೂಡ ಸೇರುತ್ತದೆ. ‘ಸದ್ಯಕ್ಕೆ ಒಣಗಿರಲಿ’ ಎಂಬ ಎರಡು ಪದಗಳಿಗಿಂತ ದೊಡ್ಡ ರಕ್ಷಣೆ ನಮ್ಮ ಬಯಲುಸೀಮೆಯ ಹಳ್ಳಗಳಿಗೆ ಬೇರೊಂದಿಲ್ಲ ಎಂದು ನಾನು ನಂಬಿದ್ದೇನೆ. ಆದರೆ ನಕ್ಷೆ ಬರೆಯುವವರಲ್ಲಿ, ಅನುಮೋದಿಸುವವರಲ್ಲಿ, ನಿವೇಶನ ಕೊಳ್ಳುವವರಲ್ಲಿ ಎಷ್ಟು ಮಂದಿ ಅದನ್ನು ಓದಿದ್ದಾರೆ?

ನಮ್ಮ ಸೀಮೆಯಲ್ಲಿ ‘ಸದ್ಯಕ್ಕೆ’ ಎಂದರೆ ಎಷ್ಟು ಕಾಲ ಎಂಬುದಕ್ಕೆ ಹಿರಿಯೂರಿನ ವಾಣಿವಿಲಾಸ ಸಾಗರವೇ ಸಾಕ್ಷಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಮೂರು ತಲೆಮಾರಿನ ಜನ ‘ಇಲ್ಲಿ ನೀರು ಬರುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಬಹುದಿತ್ತು. 2025ರ ಜನವರಿಯಲ್ಲಿ ಕೋಡಿ ಮತ್ತೆ ಹರಿಯಿತು. ನಾಲ್ಕು ವರ್ಷದ ನೆನಪನ್ನು ನಂಬಿ ಹಳ್ಳದ ಮೇಲೆ ರಸ್ತೆ ಎಳೆಯುವುದು ಎಷ್ಟು ಅಪಾಯದ ಕೆಲಸ ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಹಳ್ಳ ಮೊದಲು ಮಾಯವಾಗುವುದು ಕಾಗದದ ಮೇಲೆ. ಹಳೆಯ ಗ್ರಾಮ ನಕ್ಷೆಯಲ್ಲಿ ಅದು ಜೋಡಿಗೆರೆಯಾಗಿ ಸರ್ವೆ ನಂಬರುಗಳ ನಡುವೆ ಹಾದುಹೋಗಿರುತ್ತದೆ. ಪಹಣಿಯಲ್ಲಿ ‘ಬಿ’ ಖರಾಬು ಎಂದು ಕೆಲವು ಗುಂಟೆ ಕಳೆದಿರುತ್ತಾರೆ. ‘ಬಿ’ ಖರಾಬು ಎಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಪಹಣಿಯಲ್ಲಿ ನಿಮ್ಮ ಹೆಸರಿದ್ದ ಮಾತ್ರಕ್ಕೆ ಆ ಗುಂಟೆಗಳು ನಿಮ್ಮವಾಗುವುದಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ವರ್ಷವಿಡೀ ನೀರಿರುವ ಹೊಳೆಗೆ ನೀಲಿ ಗೆರೆ, ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಕ್ಕೆ ಕಪ್ಪು ಗೆರೆ. ನೀಲಿಯನ್ನೇ ಹುಡುಕುವವರಿಗೆ ಚಳ್ಳಕೆರೆ, ಜಗಳೂರಿನ ಕಡೆಯ ನಕ್ಷೆಗಳಲ್ಲಿ ಬಹುಪಾಲು ಹಳ್ಳಗಳು ಕಾಣುವುದೇ ಇಲ್ಲ. ಹೊಸದಾಗಿ ಅಳತೆ ಮಾಡಿಸಿ ಗಣಕಯಂತ್ರದಲ್ಲಿ ಬಡಾವಣೆ ನಕ್ಷೆ ಸಿದ್ಧಪಡಿಸುವಾಗ ಜೋಡಿಗೆರೆ ಒಂಟಿಗೆರೆಯಾಗುತ್ತದೆ, ಆಮೇಲೆ ‘ಚರಂಡಿ’ ಆಗುತ್ತದೆ, ಕೊನೆಗೆ ರಸ್ತೆಯಡಿಯ ಪೈಪ್ ಆಗುತ್ತದೆ.

ಆ ಪೈಪಿನ ಲೆಕ್ಕವನ್ನು ಒಮ್ಮೆ ನೋಡೋಣ. ಮಾಲೀಕರ ನಕ್ಷೆಯಲ್ಲಿ 900 ಮಿಲಿಮೀಟರ್ ವ್ಯಾಸದ ಒಂದು ಹ್ಯೂಮ್ ಪೈಪ್ ಇತ್ತು. ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತುಂಬಿ ಹರಿದರೂ ಅದು ಸಾಗಿಸುವುದು ಸೆಕೆಂಡಿಗೆ ಸುಮಾರು 1.3 ಘನ ಮೀಟರ್. ಆ ಹಳ್ಳಕ್ಕೆ ಮೇಲಿನಿಂದ ನೀರು ಇಳಿಯುವ ಪ್ರದೇಶ ಸುಮಾರು ಎರಡು ಚದರ ಕಿಲೋಮೀಟರ್, ಅಂದರೆ 200 ಹೆಕ್ಟೇರ್. ಗಂಟೆಗೆ 50 ಮಿಲಿಮೀಟರ್ ರಭಸದ ಮಳೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಹರಿದುಬಂದರೂ ಸೆಕೆಂಡಿಗೆ ಎಂಟು ಘನ ಮೀಟರ್ ದಾಟುತ್ತದೆ. ಪೈಪ್ ಆರರಲ್ಲೊಂದು ಪಾಲನ್ನೂ ನುಂಗಲಾರದು. ಮುಂದೆ ಮೇಲ್ಭಾಗದ ಹೊಲಗಳೂ ಬಡಾವಣೆಗಳಾಗಿ ಕಾಂಕ್ರೀಟು ಹಾಸಿದರೆ ಹರಿವು ಇಮ್ಮಡಿಯಾಗುತ್ತದೆ. ಹೊಲದಲ್ಲಿ ಇಂಗುತ್ತಿದ್ದ ನೀರಿಗೆ ಆಗ ಇಂಗಲು ಜಾಗವಿರುವುದಿಲ್ಲ. ಉಳಿದ ನೀರು ಮನೆಗಳ ನಡುವೆ ದಾರಿ ಹುಡುಕುತ್ತದೆ, ಶೌಚದ ಗುಂಡಿಗಳಿಗೂ ಒಳಚರಂಡಿಯ ಚೇಂಬರುಗಳಿಗೂ ನುಗ್ಗಿ ಅಲ್ಲಿರುವುದನ್ನೆಲ್ಲ ಎತ್ತಿಕೊಂಡು ಕೆಳಗಿನ ಕೆರೆಗೆ ಸೇರುತ್ತದೆ. ಪ್ರವಾಹದ ಕಡತ ಒಂದು ಕಚೇರಿಯಲ್ಲಿ, ಮಾಲಿನ್ಯದ ಕಡತ ಇನ್ನೊಂದು ಕಚೇರಿಯಲ್ಲಿ ಇರುತ್ತದೆ. ಕೆರೆಗೆ ಮಾತ್ರ ಎರಡೂ ಒಂದೇ ರಾತ್ರಿ ಬಂದು ಬೀಳುತ್ತವೆ.

ಇನ್ನು ಕೊಳಚೆಯ ವಿಚಾರ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಉದ್ದೇಶವಿರುವವರೂ ಇಲ್ಲೇ ತಪ್ಪುತ್ತಾರೆ. ಕಾಯ್ದೆಯ 24ನೇ ಸೆಕ್ಷನ್ ಹೊಳೆ, ಬಾವಿಗಳಿಗೆ ಮಾಲಿನ್ಯಕಾರಕ ವಸ್ತು ಬಿಡುವುದನ್ನು ನಿಷೇಧಿಸುತ್ತದೆ. ಕೊಳಚೆ ಅಥವಾ ತ್ಯಾಜ್ಯನೀರನ್ನು ಹೊರಬಿಡುವ ಯಾವುದೇ ಹೊಸ ವ್ಯವಸ್ಥೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪೂರ್ವಾನುಮತಿ ಬೇಕು ಎನ್ನುವುದು 25ನೇ ಸೆಕ್ಷನ್. ಸಂಸ್ಕರಿಸಿದ ನೀರನ್ನು ಮೇಲ್ಮೈ ಜಲಮೂಲಕ್ಕೆ ಬಿಡಲು 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಮಿತಿಗಳಿವೆ. ಅವುಗಳಲ್ಲಿ ಮುಖ್ಯವಾದದ್ದು ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಅಳತೆ. ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ‘ನಮ್ಮ ಘಟಕದಿಂದ ಹೊರಬರುವ ನೀರು 30ರ ಒಳಗಿದೆ, ಹಳ್ಳಕ್ಕೆ ಬಿಟ್ಟರೆ ತೊಂದರೆ ಏನು?’ ಎಂದು ಕೇಳುತ್ತಾರೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ, ಸಂಸ್ಕರಿಸಿ ಕುಡಿಯಲು ಬಳಸುವ ‘ಸಿ’ ವರ್ಗದ ಜಲಮೂಲದಲ್ಲಿ ಬಿಒಡಿ 3 ಮಿಲಿಗ್ರಾಂ ಮೀರಬಾರದು. ಮೂವತ್ತು ಎಲ್ಲಿ, ಮೂರು ಎಲ್ಲಿ? ಹೊರಬಿಡುವ ನೀರಿಗೆ ಮಿತಿ ಹಾಕುವ ಪದ್ಧತಿಯ ಬೇರು ಬ್ರಿಟನ್ನಿನಲ್ಲಿದೆ. ಕೊಳಚೆ ವಿಲೇವಾರಿ ಕುರಿತ ಅಲ್ಲಿನ ರಾಯಲ್ ಆಯೋಗ 1912ರಲ್ಲಿ ಬಿಒಡಿಗೆ 20 ಎಂಬ ಮಿತಿಯನ್ನು ಸೂಚಿಸಿದಾಗ, ಸೇರುವ ನದಿಯಲ್ಲಿ ಕನಿಷ್ಠ ಎಂಟು ಪಟ್ಟು ಶುದ್ಧ ನೀರು ಇರಬೇಕು ಎಂದು ಇಟ್ಟುಕೊಂಡಿತ್ತು. ತುಂಬಿ ಹರಿಯುವ ನದಿಗೆ ಆ ಲೆಕ್ಕ ಸರಿ. ನಮ್ಮ ಹಳ್ಳದಲ್ಲಿ ಮಾರ್ಚ್ ತಿಂಗಳಲ್ಲಿ ಬೆರೆಯಲು ಒಂದು ಕೊಡ ನೀರೂ ಇರುವುದಿಲ್ಲ. ಘಟಕದಿಂದ ಬಂದದ್ದೇ ಹಳ್ಳದ ನೀರು. ಅದು ಮರಳಿನಲ್ಲಿ ಇಂಗಿ, ಮುಂದಿನ ತೋಟದ ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೆ. ನೆಲದೊಳಗಿನ ನೀರೂ ಅದೇ ವ್ಯಾಖ್ಯೆಯಲ್ಲಿದೆ ಎಂಬುದನ್ನು ನೆನಪಿಡಿ. ಆದ್ದರಿಂದ ನಾನು ಮಾಡುವ ಯೋಜನೆಗಳಲ್ಲಿ ಸಂಸ್ಕರಿಸಿದ ನೀರನ್ನು ಹಳ್ಳಕ್ಕೆ ತೋರಿಸುವುದಿಲ್ಲ. ಬಡಾವಣೆಯ ಉದ್ಯಾನಕ್ಕೆ, ಸಾಲುಮರಗಳಿಗೆ, ಶೌಚಾಲಯದ ಫ್ಲಶ್‌ಗೆ ಎಷ್ಟು ಬೇಕು ಎಂದು ಮೊದಲು ಲೆಕ್ಕ ಹಾಕಿ, ಮಳೆಗಾಲದಲ್ಲಿ ಉಳಿಯುವುದಕ್ಕೆ ಸಂಗ್ರಹದ ಕೊಳ ಇಡುತ್ತೇನೆ. ಖರ್ಚು ಹೆಚ್ಚು. ನೀರಿಗಾಗಿ ಟ್ಯಾಂಕರ್ ಕಾಯುವ ಊರಿನಲ್ಲಿ ಈ ಖರ್ಚು ದಂಡವಲ್ಲ.

ಸಂಸ್ಕರಣಾ ಘಟಕವೇ ಬೇಡ, ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುಗುಂಡಿ ಸಾಕು ಎನ್ನುವವರು ಒಂದು ಅಳತೆಯನ್ನು ಗಮನಿಸಬೇಕು. ಭಾರತೀಯ ಮಾನಕದ ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಇರಬೇಕು. ಮೂವತ್ತು-ನಲವತ್ತರ ನಿವೇಶನದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಅಳೆದರೆ ಐವತ್ತು ಅಡಿ, ಅಂದರೆ 15.24 ಮೀಟರ್. ಒಂದೇ ನಿವೇಶನದಲ್ಲಿ ಬೋರ್‌ವೆಲ್ ಮತ್ತು ಇಂಗುಗುಂಡಿ ಎರಡೂ ಇದ್ದರೆ ಎಲ್ಲಿ ತೋಡಿದರೂ ಆ ಅಂತರ ಸಿಗುವುದಿಲ್ಲ. ಪಕ್ಕದ ಮನೆಯವರ ಬೋರ್‌ವೆಲ್ ಇನ್ನೂ ಹತ್ತಿರ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಮಣ್ಣಿನಲ್ಲಿ ಸೋಸಿಕೊಂಡು ಹೋಗುವುದಕ್ಕಿಂತ ಬಂಡೆಯ ಬಿರುಕುಗಳಲ್ಲಿ ನೇರವಾಗಿ ಜಾರುವುದೇ ಹೆಚ್ಚು, ಹಾಗಾಗಿ 18 ಮೀಟರ್ ಕೂಡ ನನಗೆ ಧೈರ್ಯ ಕೊಡುವುದಿಲ್ಲ.

ಕೆರೆಗಳ ವಿಷಯದಲ್ಲಿ ಕಾನೂನು ಇಷ್ಟು ನೇರವಾಗಿಲ್ಲ. ಜೌಗು ಪ್ರದೇಶಗಳ ಸಂರಕ್ಷಣೆಗೆ 2017ರ ಕೇಂದ್ರ ನಿಯಮಗಳಿವೆ. ಅವು ಅನ್ವಯಿಸುವ ಕಡೆ ಕಳೆದ ಹತ್ತು ವರ್ಷಗಳ ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಕಸ, ಸಂಸ್ಕರಿಸದ ಕೊಳಚೆ ಬಿಡುವಂತಿಲ್ಲ. ಆದರೆ ಅದೇ ನಿಯಮಗಳು ಕುಡಿಯುವ ನೀರಿಗಾಗಿಯೇ ಅಥವಾ ನೀರಾವರಿಗಾಗಿಯೇ ಮನುಷ್ಯ ಕಟ್ಟಿದ ಜಲಮೂಲಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಏರಿ ಕಟ್ಟಿ ನೀರು ನಿಲ್ಲಿಸಿ ಬದುಕಿದ ಸೀಮೆ ನಮ್ಮದು. ಸೂಳೆಕೆರೆಯಿಂದ ಹಿಡಿದು ಸಣ್ಣ ಹಳ್ಳಿಯ ಕಟ್ಟೆಯವರೆಗೆ ಇಲ್ಲಿ ಎಲ್ಲವೂ ಯಾರೋ ಕಟ್ಟಿದ್ದೇ. ಶತಮಾನಗಳ ಹಿಂದೆ ಕಟ್ಟಿದ ಕೆರೆಯಲ್ಲಿ ಜೊಂಡು ಬೆಳೆದು, ಹಕ್ಕಿ ಗೂಡು ಕಟ್ಟಿದ ಮೇಲೂ ಅದು ಬರೀ ನೀರಾವರಿಯ ಕಟ್ಟಡವೇ? ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ನೀರಾವರಿಗೆ ಕಟ್ಟಿದ ಕೆರೆಯೇ; 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಈ ವಿನಾಯಿತಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. 2.25 ಹೆಕ್ಟೇರ್‌ಗಿಂತ ದೊಡ್ಡದಾದ, ದೇಶದ ಪಟ್ಟಿಯಲ್ಲಿರುವ 2,01,503 ಜೌಗು ಪ್ರದೇಶಗಳನ್ನು ಹಿಂದಿನ 2010ರ ನಿಯಮಗಳ ತತ್ತ್ವದಂತೆಯೇ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿದೆ. ಆದ್ದರಿಂದ ‘ನೀರಾವರಿ ಕೆರೆ, ನಿಯಮ ಇಲ್ಲ’ ಎಂದು ಯಾರಾದರೂ ಕೈತೊಳೆದುಕೊಂಡರೆ ಒಪ್ಪಬೇಡಿ.

ರಾಜ್ಯದ್ದೇ ಆದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೆರೆಗೆ ಬರುವ ಮತ್ತು ಕೆರೆಯಿಂದ ಹೊರಹೋಗುವ ನೀರಿನ ಸಹಜ ಹಾದಿಗೆ ಅಡ್ಡಿ ಮಾಡಬಾರದು ಎಂದು ಅದು ಹೇಳುತ್ತದೆ. ಅಂದರೆ ಕೆರೆಯಂಗಳವಷ್ಟೇ ಅಲ್ಲ, ಮೇಲಿನ ಹಳ್ಳವೂ ಕೋಡಿಯ ಕೆಳಗಿನ ಹಳ್ಳವೂ ಅದರ ರಕ್ಷಣೆಯೊಳಗಿವೆ. ಕೆರೆಯಂಚಿನಿಂದ 30 ಮೀಟರ್ ಕಾಯ್ದಿಡಬೇಕೆಂಬ ನಿರ್ಬಂಧವೂ ಅದರದ್ದೇ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಇಳಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂದಿತು. ಸಣ್ಣ ಕಟ್ಟೆಗಳೇ ಹೆಚ್ಚಿರುವ ನಮ್ಮ ಜಿಲ್ಲೆಗಳಿಗೆ ಅದರಿಂದ ಆಗುವ ನಷ್ಟ ದೊಡ್ಡದು. ಯೋಜನೆ ಸಲ್ಲಿಸುವ ದಿನ ಯಾವ ಅಂತರ ಜಾರಿಯಲ್ಲಿದೆ ಎಂಬುದನ್ನು ರಾಜ್ಯಪತ್ರದಲ್ಲಿ ನೋಡಿಕೊಳ್ಳಬೇಕು. ಕಡಿಮೆ ಬಿಟ್ಟರೂ ಕಾನೂನು ಒಪ್ಪುತ್ತದೆ ಎನ್ನುವ ಸಂದರ್ಭದಲ್ಲೂ ನಾನು 30 ಮೀಟರ್ ಬಿಡಲು ಹೇಳುತ್ತೇನೆ.

ಕಾಮಗಾರಿ ನಡೆಯುವ ತಿಂಗಳುಗಳ ಬಗ್ಗೆ ಒಂದು ಮಾತು. ಗ್ರಾವಲ್ ರಾಶಿಯನ್ನು ಹಳ್ಳದ ದಂಡೆಯಲ್ಲಿ ಸುರಿಯಬೇಡಿ. ಮುಂಗಾರಿನ ಮೊದಲ ಮಳೆಗೆ ಅದು ಪೂರ್ತಿ ಕೆರೆಯ ಹೂಳಾಗುತ್ತದೆ.

ಪರಿಸರ ಅನುಮತಿ ಬೇಕಾಗುವುದು 20,000 ಚದರ ಮೀಟರ್ ಕಟ್ಟಡ ಅಥವಾ 50 ಹೆಕ್ಟೇರ್ ಬಡಾವಣೆ ದಾಟಿದಾಗ. ನಮ್ಮ ಊರುಗಳ ಐದು, ಹತ್ತು ಎಕರೆಯ ಬಡಾವಣೆಗಳು ಆ ಪರಿಶೀಲನೆಗೆ ಬರುವುದೇ ಇಲ್ಲ. ಆದರೆ ಜಲ ಕಾಯ್ದೆಯ 24ನೇ ಸೆಕ್ಷನ್ನಿಗೆ ಎಕರೆಯ ಲೆಕ್ಕವಿಲ್ಲ. ಹಳ್ಳಕ್ಕೆ ಕೊಳಚೆ ಬಿಡುತ್ತಿರುವುದು ಕಂಡರೆ ಬಾಟಲಿಯಲ್ಲಿ ನೀರು ತುಂಬಿಸಿ ಖಾಸಗಿ ಪ್ರಯೋಗಾಲಯಕ್ಕೆ ಕೊಡಬಹುದು, ಅದರಿಂದ ನಿಮಗೆ ವಿಷಯ ತಿಳಿಯುತ್ತದೆ. ಮಂಡಳಿ ಕಾನೂನು ಕ್ರಮ ಜರುಗಿಸಬೇಕಾದರೆ ಮಾತ್ರ 21ನೇ ಸೆಕ್ಷನ್ನಿನಂತೆ ಅದರ ಅಧಿಕಾರಿಯೇ ಮಾದರಿ ಸಂಗ್ರಹಿಸಿ ಮೊಹರು ಮಾಡಬೇಕು. ಹಾಗಾಗಿ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಮಾದರಿ ಸಂಗ್ರಹಕ್ಕೆ ಒತ್ತಾಯಿಸಿ.

ಆ ಆರು ಎಕರೆಯ ನಕ್ಷೆಯನ್ನು ನಾವು ಮೂರು ಸಲ ತಿದ್ದಿದೆವು. ರಸ್ತೆ ಪಕ್ಕಕ್ಕೆ ಸರಿಯಿತು. ಪೈಪಿನ ಬದಲು ಎರಡು ಕಂಡಿಯ ಬಾಕ್ಸ್ ಮೋರಿ ಬಂತು. ಅದರ ಎತ್ತರವನ್ನು ಹೊಂಗೆ ಕೊಂಬೆಯ ಕಸದ ಗುರುತಿಗಿಂತ ಮೇಲೆ ಇಟ್ಟೆ. ಉದ್ಯಾನಕ್ಕೆಂದು ಬಿಡಲೇಬೇಕಿದ್ದ ಜಾಗವನ್ನು ಹಳ್ಳದ ದಂಡೆಗೆ ತಂದೆವು. ಮಾಲೀಕರಿಗೆ ನಾಲ್ಕು ನಿವೇಶನ ಕಡಿಮೆಯಾದವು, ಅದರ ಬಗ್ಗೆ ಅವರಿಗೆ ಬೇಸರವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಜೋಡಿಗೆರೆಯ ನಡುವೆ ‘ಹಳ್ಳ, ಸದ್ಯಕ್ಕೆ ಒಣಗಿದೆ’ ಎಂದು ಬರೆಸಿ ಅವರಿಂದ ಸಹಿ ಹಾಕಿಸಿದೆ.

ನಿವೇಶನ ಕೊಳ್ಳಲು ಹೊರಟವರು ಮುಂಗಡ ಕೊಡುವ ಮೊದಲು ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆರೆದು, ಗ್ರಾಮ ನಕ್ಷೆಯ ಪ್ರತಿಯನ್ನು ಕೈಯಲ್ಲಿ ಹಿಡಿದು ಆ ಜಾಗದಲ್ಲಿ ಒಮ್ಮೆ ನಡೆಯಿರಿ. ಜೋಡಿಗೆರೆ ಕಂಡ ಕಡೆ ನೆಲದಲ್ಲಿ ಏನಿದೆ ಎಂದು ನೋಡಿ. ಒಳಚರಂಡಿಯ ಕೊನೆಯ ಚೇಂಬರ್ ಯಾವುದು, ಅಲ್ಲಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ‘ಮುಂದೆ ಹಳ್ಳ ಇದೆಯಲ್ಲ’ ಎಂಬ ಉತ್ತರ ಬಂದರೆ ಮುಂಗಡ ಕೊಡದೆ ವಾಪಸ್ ಬನ್ನಿ.