ಭೈರಪ್ಪ ಇದ್ದಾರೆ, ಬೈರಪ್ಪ ಸಿಗಲಿಲ್ಲ

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದುಗರೊಬ್ಬರು ‘ಬೈರಪ್ಪ’ ಅಂತ ಟೈಪ್ ಮಾಡುತ್ತಾರೆ. ಯಾವ ಪುಸ್ತಕವೂ ಸಿಗಲಿಲ್ಲ ಅನ್ನುತ್ತದೆ ಪರದೆ. ಎಸ್.ಎಲ್. ಭೈರಪ್ಪನವರ ಕಾದಂಬರಿಗಳು ಅಲ್ಲೇ ಹಿಂದಿನ ರ‍್ಯಾಕಿನಲ್ಲಿವೆ. ಆದರೆ ಬಹಳಷ್ಟು ಜನ ಕೌಂಟರಿಗೆ ಬಂದು ಕೇಳುವುದಿಲ್ಲ. ಪುಸ್ತಕ ಇಲ್ಲವೆಂದೇ ನಂಬಿ ಹೊರಟುಬಿಡುತ್ತಾರೆ. ನನಗೆ ತುಂಬ ನೋವಾಗುವುದು ಇಲ್ಲೇ.

ಮಹಾಪ್ರಾಣ ತಪ್ಪಿದರೆ ನಾವು ಅರ್ಥಮಾಡಿಕೊಳ್ಳುತ್ತೇವೆ, ಯಂತ್ರಕ್ಕೆ ಅದು ಬೇರೆಯೇ ಹೆಸರು. ಇನ್ನು ರಾಜ್‌ಕುಮಾರ್ ಕುರಿತ ಪುಸ್ತಕ ಹುಡುಕಿ ನೋಡಿ. ಕೆಲವರು ನಡುವೆ ಜಾಗ ಬಿಡುತ್ತಾರೆ, ಕೆಲವರು ‘ರಾಜಕುಮಾರ್’ ಅನ್ನುತ್ತಾರೆ. ಸೇರಿಸಿ ಬರೆದರೆ ‘ಜ್’ಗೆ ಒತ್ತಕ್ಷರ ಬೀಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಒಳಗೆ ಕೂತಿರುತ್ತದೆ. ಓದುಗರಿಗೆ ಇದೆಲ್ಲ ಗೊತ್ತಿರಬೇಕಾಗಿಲ್ಲ, ಅಲ್ವಾ? ಇಂಡೆಕ್ಸ್, ಅಂದರೆ ಯಂತ್ರ ಹುಡುಕಾಡುವ ಪದಗಳ ಪಟ್ಟಿ, ತಯಾರಾಗುವಾಗಲೇ ಕಾಣದ ಚಿಹ್ನೆ, ಚುಕ್ಕಿ, ಅಲ್ಪವಿರಾಮ ತೆಗೆದುಹಾಕಬೇಕು. ‘ಭ’ ಮತ್ತು ‘ಬ’ವನ್ನು ಒಂದೇ ಎಂದು ಎಣಿಸಬೇಕು. ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವವರು, ಅದರಲ್ಲಿ ಹುಡುಕುವ ಕೆಲಸ ಮಾಡುವ ಜೀಬ್ರಾದ ಐಸಿಯು ನಿಯಮಗಳಲ್ಲಿ (ಅಕ್ಷರಗಳನ್ನು ಹೇಗೆ ಎಣಿಸಬೇಕೆಂದು ಹೇಳುವ ನಿಯಮಗಳಲ್ಲಿ) ಇದನ್ನು ಬರೆದುಕೊಳ್ಳಬಹುದು. ಆಗ ಒಂದೆರಡು ಬೇಡದ ಪುಸ್ತಕಗಳೂ ಬರುತ್ತವೆ. ಬರಲಿ, ಖಾಲಿ ಪರದೆಗಿಂತ ಅದು ಎಷ್ಟೋ ಮೇಲು.

ಕನ್ನಡದಲ್ಲಿ ಕಾವ್ಯನಾಮಗಳ ಕಡೆಗೂ ಗಮನ ಬೇಕು. ಕುವೆಂಪು ಅಂದರೂ ಕೆ.ವಿ. ಪುಟ್ಟಪ್ಪ ಅಂದರೂ ಅದೇ ಪುಸ್ತಕಗಳು ಬರಬೇಕು. ಅಂಬಿಕಾತನಯದತ್ತ ಎಂದು ಹುಡುಕಿದರೆ ಬೇಂದ್ರೆ ಸಿಗಬೇಕು. ಒಬ್ಬ ಲೇಖಕರ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಇಡುವ ಅಥಾರಿಟಿ ದಾಖಲೆಯಲ್ಲಿ ಈ ಹೆಸರುಗಳ ಜೊತೆಗೆ ಇಂಗ್ಲಿಷ್ ಅಕ್ಷರದ ರೂಪವನ್ನೂ ಸೇರಿಸಿ. ಫೋನಿನಲ್ಲಿ ಹುಡುಕುವವರು ಸಾಮಾನ್ಯವಾಗಿ ಬರೆಯುವುದು ಹಾಗೇ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬದಲಿ ಹೆಸರುಗಳನ್ನೂ ಹುಡುಕಾಟಕ್ಕೆ ಸೇರಿಸುವ ಸೆಟ್ಟಿಂಗ್ ಕೋಹಾದಲ್ಲಿ ಮೊದಲಿಗೆ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿ, ಇಂಡೆಕ್ಸನ್ನು ಹೊಸದಾಗಿ ಕಟ್ಟದಿದ್ದರೆ ಕ್ಯಾಟಲಾಗರ್ ಪಟ್ಟ ಶ್ರಮವೆಲ್ಲ ಸುಮ್ನೆ.

‘ಓದುಗರ ಸಮಯ ಉಳಿಸಿ’ ಅನ್ನುವುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು. ಆದರೂ ಶೀರ್ಷಿಕೆ, ಲೇಖಕ, ವಿಷಯ, ಪ್ರಕಾಶಕ, ಐಎಸ್‌ಬಿಎನ್ ಎಂದು ಮೊದಲ ಪುಟದಲ್ಲೇ ಸಾಲು ಸಾಲು ಪೆಟ್ಟಿಗೆ ಇಡುತ್ತೇವೆ. ಒಂದೇ ಪೆಟ್ಟಿಗೆ ಸಾಕು. ಉಳಿದದ್ದು ಬೇಕಾದವರಿಗೆ ಇನ್ನೊಂದು ಪುಟದಲ್ಲಿರಲಿ.

ಏನು ಸರಿಪಡಿಸಬೇಕೆಂದು ತಿಳಿಯಲು ದೊಡ್ಡ ಸಮೀಕ್ಷೆ ಬೇಕಿಲ್ಲ. ಉತ್ತರ ಸಿಗದ ಹುಡುಕಾಟಗಳ ಪಟ್ಟಿಯನ್ನು, ಯಾರು ಹುಡುಕಿದರೆಂಬ ವಿವರ ಬಿಟ್ಟು, ವಾರಕ್ಕೊಮ್ಮೆ ತೆಗೆದು ಓದಿ. ಕಾಗುಣಿತದ ವ್ಯತ್ಯಾಸ, ಅರ್ಧ ನೆನಪಿರುವ ಹೆಸರು, ನಿಜವಾಗಿಯೂ ನಮ್ಮಲ್ಲಿಲ್ಲದ ಪುಸ್ತಕ, ಮೂರೂ ಅಲ್ಲಿ ಸಿಗುತ್ತವೆ. ಕೊನೆಯದು ಖರೀದಿ ಪಟ್ಟಿಗೆ ಹೋಗಲಿ.

ಪುಸ್ತಕ ಸಿಕ್ಕ ಮೇಲೂ ಒಂದು ಕೆಲಸ ಇದೆ. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದು ನಮಗೆ ಗೊತ್ತು, ಓದುಗರಿಗಲ್ಲ. ಸಂಖ್ಯೆಯ ಪಕ್ಕದಲ್ಲೇ ‘ಮೊದಲ ಮಹಡಿ, ಕಿಟಕಿ ಪಕ್ಕದ ರ‍್ಯಾಕ್’ ಎಂದು ಬರೆಯಿರಿ. ಪುಸ್ತಕ ಹೊರಗೆ ಹೋಗಿದ್ದರೆ ವಾಪಸ್ ಬರಬೇಕಾದ ದಿನ ಕಾಣಲಿ, ಕಾಯ್ದಿರಿಸುವ ಬಟನ್ ಅದರ ಕೆಳಗೇ ಇರಲಿ.